ವಿಶೇಷವಿಲ್ಲ

ದೀಪ ಹಾಕಿದ ಮೇಲೆ ಹದಿನೇಳನೆಯ ಗೂಡಿನ ಇಲಿ ಎದ್ದು ಕೂತಿತು.

ಮೊದಲು ಮೂಗು ಎತ್ತಿತು. ಆಮೇಲೆ ಮುಂಗಾಲುಗಳಿಂದ ಮುಖ ಒರೆಸಿಕೊಂಡಿತು, ಯಾರೋ ನಿದ್ದೆ ಕೆಡಿಸಿದರೆ ಮನುಷ್ಯರು ಒರೆಸಿಕೊಳ್ಳುವ ಹಾಗೆ. ಎಡಗಿವಿಯಲ್ಲಿ ಗುರುತಿಗೆಂದು ಮಾಡಿದ ಎರಡು ಕಚ್ಚು, ಗುಲಾಬಿ ಬಣ್ಣದ ಕಣ್ಣು, ಮೀಸೆಗೆ ಅಂಟಿದ ಮರದ ಹೊಟ್ಟು ಎಲ್ಲವೂ ಸ್ಪಷ್ಟವಾಗಿ ಕಾಣಿಸಿದವು. ಅದು ಸತ್ತಿರಲಿಲ್ಲ. ಅದಕ್ಕೆ ಕಾಯಿಲೆಯೂ ಇರಲಿಲ್ಲ. ಸುಮ್ಮನೆ ಮಲಗಿತ್ತು.

ಇಲಿತಾತ ಅದನ್ನೇ ನೋಡುತ್ತ ನಿಂತರು. ಉಳಿದ ಇಪ್ಪತ್ತಮೂರು ಗೂಡುಗಳಲ್ಲಿ ಕರಕರ ಸದ್ದು ನಿಂತುಹೋಗಿತ್ತು. ಅಷ್ಟೂ ಬಿಳಿ ಇಲಿಗಳು ಮೂಲೆಗೆ ಒತ್ತಿಕೊಂಡು, ಇದ್ದಕ್ಕಿದ್ದಂತೆ ಬಂದ ಬೆಳಕಿಗೆ ಕಣ್ಣು ಕಿರಿದು ಮಾಡಿದ್ದವು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ ಅವರಿಗೇ ತಿಳಿಯಲಿಲ್ಲ. ಕೊನೆಗೆ ಕೈ ತಾನಾಗಿ ಹೋಗಿ ಸ್ವಿಚ್ಚು ಆರಿಸಿತು. ಗಡಿಯಾರದ ಮೇಲೆ ಕೆಂಪು ಟಾರ್ಚ್ ಹಿಡಿದರು. ನಾಲ್ಕಕ್ಕೆ ಐದು ನಿಮಿಷ. ಹೊರಗೆ ಭಾನುವಾರದ ಬಿಸಿಲು. ಈ ಕೋಣೆಯೊಳಗೆ ನಡುರಾತ್ರಿ.

ಪ್ರಯೋಗಾಲಯದ ಪ್ರಾಣಿಮನೆಯ ಆ ಕೋಣೆಯ ಏರ್ಪಾಡೇ ಹಾಗಿತ್ತು. ದೀಪಗಳು ಬೆಳಿಗ್ಗೆ ಹತ್ತಕ್ಕೆ ತಾವಾಗಿ ಆರುತ್ತಿದ್ದವು, ರಾತ್ರಿ ಹತ್ತಕ್ಕೆ ತಾವಾಗಿ ಹತ್ತುತ್ತಿದ್ದವು. ಇಲಿ ಕತ್ತಲೆಯಲ್ಲಿ ಓಡಾಡುವ ಪ್ರಾಣಿ. ಅದರ ರಾತ್ರಿಯನ್ನು ಮನುಷ್ಯರು ತಮ್ಮ ಕೆಲಸದ ಹೊತ್ತಿನಲ್ಲೇ ನೋಡಲಿ ಎಂದು ಹಗಲನ್ನೂ ರಾತ್ರಿಯನ್ನೂ ತಿರುವಿ ಹಾಕಿದ್ದರು. ಕಿಟಕಿ ಇರಲಿಲ್ಲ. ಒಂದರ ಹಿಂದೊಂದು ಎರಡು ಬಾಗಿಲು. ಒಂದನ್ನು ಮುಚ್ಚಿದ ಮೇಲೆಯೇ ಇನ್ನೊಂದನ್ನು ತೆರೆಯಬೇಕು. ಒಳಗೆ ಹೋಗುವವರು ಕೊರಳಿಗೆ ಕೆಂಪು ಟಾರ್ಚ್ ಹಾಕಿಕೊಳ್ಳಬೇಕು. ಆ ಮಂಕು ಕೆಂಪು ಇಲಿಯ ಕಣ್ಣಿಗೆ ಹೆಚ್ಚುಕಡಿಮೆ ಕತ್ತಲೆಯೇ. ಬಿಳಿ ದೀಪದ ಸ್ವಿಚ್ಚಿನ ಮೇಲೆ ಪ್ಲಾಸ್ಟಿಕ್ ಮುಚ್ಚಳವಿತ್ತು. ಮುಚ್ಚಳ ಎತ್ತಿಯೇ ಒತ್ತಬೇಕು. ಕೈತಪ್ಪಿ ಒತ್ತಿದೆ ಎಂದು ಹೇಳುವಂತಿರಲಿಲ್ಲ.

ತಾತ ಮುಚ್ಚಳ ಎತ್ತಿಯೇ ಒತ್ತಿದ್ದರು.

ಎರಡು ಬಾಗಿಲುಗಳ ನಡುವಿನ ಇಕ್ಕಟ್ಟಿನಲ್ಲಿ ಒಂದು ಮೇಜು, ಮೇಜಿನ ಮೇಲೆ ದಪ್ಪ ರಟ್ಟಿನ ದಾಖಲೆ ಪುಸ್ತಕ. ಒಳಗೆ ಹೋದದ್ದು ಮೂರು ಐವತ್ತು, ಹೊರಗೆ ಬಂದದ್ದು ನಾಲ್ಕು ಐದು ಎಂದು ಬರೆದರು. ಕೋಣೆಯ ಬಿಸಿ ಇಪ್ಪತ್ತೆರಡು. ನೀರು ಸರಿ. ಆಹಾರ ಸರಿ. ಸಾಲಿನ ಕೊನೆಗೆ 'ವಿಶೇಷ' ಎಂಬ ಅಂಕಣ. ಅಲ್ಲಿ 'ವಿಶೇಷವಿಲ್ಲ' ಎಂದು ಬರೆದರು. ಮೂವತ್ತೊಂದು ವರ್ಷದಿಂದ ಅದೇ ಅಂಕಣ, ಅದೇ ಮಾತು. ಬರೆಯಲು ಮನಸ್ಸು ಬೇಕಾಗಿರಲಿಲ್ಲ. ಅಕ್ಷರ ದುಂಡಗೆ ಬಂದಿತ್ತು.

ಮಂಗಳವಾರ ಈ ಇಲಿಗಳ ರಕ್ತ ತೆಗೆಯುವವರಿದ್ದರು.

*

ಪ್ರಯೋಗ ನಡೆಸುತ್ತಿದ್ದ ಹುಡುಗಿಯನ್ನು ತಾತ ಡಾಕ್ಟ್ರಮ್ಮ ಎಂದು ಕರೆಯುತ್ತಿದ್ದರು. "ಇನ್ನೂ ಆಗಿಲ್ಲ ತಾತ, ನಿಮ್ಮ ಬಾಯಿಹರಕೆಯಿಂದ ಆಗಲಿ" ಎನ್ನುತ್ತಿದ್ದಳು ಅವಳು. ಅವರಿಗೆ ಇಲಿತಾತ ಎಂದು ಹೆಸರಿಟ್ಟವಳು ಅವಳೇ. ಈಗ ಇಡೀ ಕಟ್ಟಡದಲ್ಲಿ ಯಾರಿಗೂ ಅವರ ಇನ್ನೊಂದು ಹೆಸರು ನೆನಪಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ದೀಪ ಆರುವ ಹೊತ್ತಿಗೆ ಇಬ್ಬರೂ ಬಾಗಿಲ ಬಳಿ ಇದ್ದರೆ ಅವಳು ಗಂಭೀರವಾಗಿ "ಶುಭರಾತ್ರಿ ತಾತ" ಎನ್ನುವಳು. ಇವರು "ಹೊದ್ದು ಮಲಗು ಡಾಕ್ಟ್ರಮ್ಮ" ಎನ್ನುವರು. ಆಮೇಲೆ ಇಬ್ಬರೂ ಬಿಸಿಲಿಗೆ ಬಂದು ಚಹಾ ಕುಡಿಯುವರು.

ಹನ್ನೊಂದು ವಾರದ ಹಿಂದೆ, ಮೊದಲ ದಿನ, ಇದೆಲ್ಲ ಯಾತಕ್ಕೆ ಎಂದು ತಾತ ಕೇಳಿದ್ದರು. ಚಹಾದ ಲೋಟ ಎರಡೂ ಕೈಯಲ್ಲಿ ಹಿಡಿದು ಅವಳು ಹೇಳಿದ್ದಳು.

"ನಮ್ಮನೇಲಿ ಒಂದು ಮುದಿ ನಾಯಿ ಇತ್ತು ತಾತ. ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ತಿದ್ದೆ. ಗುಡುಗಿದ್ರೆ ಸಾಕು, ಮಂಚದ ಕೆಳಗೆ ನುಗ್ಗಿ ರಾತ್ರಿಯೆಲ್ಲ ನಡುಗೋದು. ಯಾರೋ ಹೇಳಿದ್ರು, ಮೆಲಟೋನಿನ್ ಮಾತ್ರೆ ಕೊಡಿ, ನಿದ್ದೆ ಮಾಡುತ್ತೆ ಅಂತ. ಕೊಟ್ವಿ. ನಿದ್ದೇನೋ ಬಂತು. ಸಕ್ಕರೆ ಮಾತ್ರ ಹಿಡಿತಕ್ಕೇ ಸಿಗಲಿಲ್ಲ. ಮಾತ್ರೆಯಿಂದಲಾ, ವಯಸ್ಸಿಂದಲಾ ಅಂತ ಪಶುವೈದ್ಯರನ್ನ ಕೇಳಿದ್ರೆ ಗೊತ್ತಿಲ್ಲ ಅಂದ್ರು. ಅವರಿಗೂ ಗೊತ್ತಿಲ್ಲ, ಪುಸ್ತಕದಲ್ಲೂ ಸರಿಯಾಗಿಲ್ಲ."

"ಅದೇನು, ಮಾತ್ರೆಯಲ್ಲಿ ಇರೋದು?"

"ಅದು ನಮ್ಮ ತಲೆಯೊಳಗೇ ಇರೋ ರಸ ತಾತ. ಕತ್ತಲಾದ್ರೆ ಸಾಕು, ಮಿದುಳಿನಲ್ಲಿರೋ ಒಂದು ಬಟಾಣಿಗಿಂತ ಚಿಕ್ಕ ಗ್ರಂಥಿ ಅದನ್ನ ಬಿಡುತ್ತೆ. ನಿಮಗೂ, ನಾಯಿಗೂ, ಬೆಕ್ಕಿಗೂ, ಇಲಿಗೂ. ಅದು ಹೋಗಿ ಇನ್ಸುಲಿನ್ ಮಾಡೋ ಜೀವಕಣಗಳಿಗೆ, ಇವತ್ತಿಗೆ ಸಾಕು, ಅಂಗಡಿ ಮುಚ್ಚಿ ಅನ್ನುತ್ತೆ. ಹಾಗಂತ ಒಂದಷ್ಟು ಜನ ಹೇಳ್ತಾರೆ. ಇನ್ನೊಂದಷ್ಟು ಜನ, ಅಲ್ಲ, ರಾತ್ರಿ ಹಾಗೆ ವಿಶ್ರಾಂತಿ ಸಿಕ್ಕಿದ್ರೇನೇ ಆ ಕಣಗಳು ಬಾಳಿಕೆ ಬರೋದು ಅಂತಾರೆ. ನಮಗೆ ಕತ್ತಲಲ್ಲಿ ನಿದ್ದೆ, ಇಲಿಗೆ ಕತ್ತಲಲ್ಲಿ ಊಟ. ರಸ ಮಾತ್ರ ಇಬ್ಬರಿಗೂ ಕತ್ತಲಲ್ಲೇ. ಊಟದ ಹೊತ್ತಿಗೆ ಅಂಗಡಿ ಮುಚ್ಚು ಅಂದ್ರೆ ಇಲಿ ಗತಿ ಏನು? ಅದೇ ನನ್ನ ತಲೆನೋವು."

"ನಿನ್ನ ತಲೆನೋವಿಗೆ ಇಲಿಗೆ ಚುಚ್ಚೋದು."

"ಹೂಂ. ನೀವು ಹಿಡ್ಕೊಳೋದು, ನಾನು ಚುಚ್ಚೋದು. ಪಾಪ ಇಬ್ಬರಿಗೂ ಅರ್ಧರ್ಧ." ಆಮೇಲೆ ನಗು ಬಿಟ್ಟು ಬೆರಳೆತ್ತಿದ್ದಳು. "ಒಂದು ಮಾತು ತಾತ. ಹನ್ನೆರಡು ಇಲಿಗೆ ಕುಡಿಯೋ ನೀರಲ್ಲಿ ಮೆಲಟೋನಿನ್, ಹನ್ನೆರಡಕ್ಕೆ ಬರೀ ನೀರು. ಆದ್ರೆ ಕತ್ತಲೆ ಇಪ್ಪತ್ನಾಲ್ಕಕ್ಕೂ ಒಂದೇ ಥರ ಇರ್ಬೇಕು. ಕತ್ತಲ ಹೊತ್ತಲ್ಲಿ ಒಂಚೂರು ಬಿಳಿ ಬೆಳಕು ಬಿತ್ತೋ, ಆ ರಸ ಅಲ್ಲೇ ನಿಂತುಹೋಗುತ್ತೆ. ಆಮೇಲೆ ಯಾವ ಲೆಕ್ಕಾನೂ ನಂಬೋ ಹಾಗಿಲ್ಲ. ಎಲ್ಲ ಮೊದಲಿಂದ."

ತಾತ ಆ ಮಾತನ್ನು ಮನಸ್ಸಿಟ್ಟು ಕೇಳಿದ್ದರು. ಅವರ ಹೆಂಡತಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚುತ್ತಿದ್ದವರು ಇವರೇ. ಎರಡು ತಿಂಗಳಿಂದ ಅವಳಿಗೆ ನಿದ್ದೆ ಬೇರೆ ಇರಲಿಲ್ಲ.

ಅಂದು ಸಂಜೆಯೇ ಅವರು ಮಲಗುವ ಕೋಣೆಯ ಕಿಟಕಿಗೆ ದಪ್ಪ ಕಂಬಳಿ ಹೊಡೆದರು. ಬಾಗಿಲ ಕೆಳಗಿನ ಸಂದಿಗೆ ಹಳೆಯ ಬಟ್ಟೆ ತುರುಕಿದರು. ಗೋಡೆಯ ಸ್ವಿಚ್ಚಿನಲ್ಲಿ ಸಾಸಿವೆಯಷ್ಟು ಕೆಂಪು ಬೆಳಕು ಹೊಳೆಯುತ್ತಿತ್ತು, ಅದಕ್ಕೂ ಕಪ್ಪು ಟೇಪು ಅಂಟಿಸಿದರು. ಹೆಂಡತಿ ಮಂಚದ ಮೇಲೆ ಕೂತು ನೋಡುತ್ತಿದ್ದಳು.

"ಏನ್ರೀ ಇದು? ನಾನೇನು ನಿಮ್ಮ ಇಪ್ಪತ್ತೈದನೇ ಇಲಿಯಾ?"

"ಕತ್ತಲಾಗಿದ್ರೆ ನಿದ್ದೆ ಬರುತ್ತೆ. ನಿದ್ದೆ ಬಂದ್ರೆ ಸಕ್ಕರೆ ನಿಲ್ಲುತ್ತೆ. ಡಾಕ್ಟ್ರಮ್ಮ ಹೇಳಿದಾಳೆ."

"ರಾತ್ರಿ ನಾನು ಎದ್ದು ಎಡವಿ ಬಿದ್ರೆ ಡಾಕ್ಟ್ರಮ್ಮ ಬಂದು ಎತ್ತುತ್ತಾಳಾ?"

ಆದರೂ ಅವಳಿಗೆ ನಿದ್ದೆ ಬರತೊಡಗಿತ್ತು. ಮೂರು ವಾರ ಚೆನ್ನಾಗಿ ಮಲಗಿದಳು. ಅದಕ್ಕಾಗಿ ತಾತ ದೇವರಿಗೆ ಕೈ ಮುಗಿದಿದ್ದರು. ಆಮೇಲೆ ಒಂದು ಬೆಳಿಗ್ಗೆ ಅವಳು ಏಳಲಿಲ್ಲ.

ಅದಾಗಿ ಐವತ್ತಮೂರು ದಿನ.

*

ಭಾನುವಾರ ಸಂಜೆ ಮಗಳು ಬಂದಳು. ಎರಡು ಬೀದಿ ಆಚೆ ಅವಳ ಮನೆ. ಬ್ಯಾಂಕಿನ ಕೆಲಸ ಮುಗಿಸಿ, ಇಲ್ಲವೇ ರಜೆಯ ದಿನ ಮಕ್ಕಳನ್ನು ಗಂಡನ ಪಾಲಿಗೆ ಬಿಟ್ಟು, ದಿನವೂ ಊಟದ ಡಬ್ಬಿ ತರುತ್ತಿದ್ದಳು. ತಾತ ಊಟಕ್ಕೆ ಕೂತರು. ಬಿಸಿಯಾಗಿದೆ ಎಂಬುದು ಹಬೆ ನೋಡಿದಾಗ ತಿಳಿಯಿತು, ಬಾಯಿಗೆ ತಿಳಿಯಲಿಲ್ಲ.

"ಉಪ್ಪು ಸರಿ ಇದೆಯಾ ಅಪ್ಪ?"

"ಇದೆ."

"ನಾನು ಹಾಕೋದೇ ಮರೆತಿದೀನಿ ಅಂತ ದಾರೀಲಿ ನೆನಪಾಯ್ತು."

ತಾತ ಇನ್ನೊಂದು ತುತ್ತು ತಿಂದರು. "ಇರಲಿ ಬಿಡು. ಈಗ ಗೊತ್ತಾಗ್ತಿದೆ."

ಮಗಳು ಎದ್ದು ಉಪ್ಪಿನ ಡಬ್ಬ ತಂದು ಅವರ ಮುಂದಿಟ್ಟಳು. ಅವರು ಅದನ್ನು ಮುಟ್ಟಲಿಲ್ಲ. ಅವಳು ಎದುರಿನ ಕುರ್ಚಿಯಲ್ಲಿ ಕೂತು ಉಗುರಿನಿಂದ ಮೇಜಿನ ಅಂಚನ್ನು ಕೆರೆಯತೊಡಗಿದಳು. ಮುಂದೆ ಬರುವ ಮಾತು ಯಾವುದೆಂದು ತಾತನಿಗೆ ಗೊತ್ತಿತ್ತು.

"ಅವತ್ತು ಸಂಜೆ ನಾನು ಫೋನು ಮಾಡದೇ ಇದ್ದಿದ್ರೆ ಆಗ್ತಿತ್ತು ಅಪ್ಪ."

"ಬಿಡಮ್ಮ."

"ಹೇಗೆ ಬಿಡ್ಲಿ? ಬೆಳಿಗ್ಗೆ ಸಕ್ಕರೆ ಇನ್ನೂರಾ ಹತ್ತು ಇತ್ತು ಅಂತ ಅಮ್ಮ ಹೇಳಿದ್ದಕ್ಕೆ ನಾನು ರೇಗಿಬಿಟ್ಟೆ. ಬಾಯಿಗೆ ಬೀಗ ಹಾಕ್ಕೊ, ರಾತ್ರಿ ಊಟ ಅರ್ಧ ಮಾಡು ಅಂದೆ. ಅಮ್ಮ ಅರ್ಧ ಮಾಡಿದ್ಲು. ಯಾವತ್ತೂ ನನ್ನ ಮಾತು ಕೇಳ್ದೋಳು ಅವತ್ತು ಕೇಳಿದ್ಲು. ಇನ್ಸುಲಿನ್ ಪೂರ್ತಿ, ಊಟ ಅರ್ಧ. ಸಕ್ಕರೆ ಇಳಿದೇ ಹೋಗಿರೋದು ಅಂದ್ರಲ್ಲ ಡಾಕ್ಟ್ರು."

"ಹೃದಯ ತಡ್ಕೊಳ್ಳಲಿಲ್ಲ ಅಂದ್ರು."

"ಯಾಕೆ ತಡ್ಕೊಳ್ಳಲಿಲ್ಲ ಅಂತ ನನಗೆ ಗೊತ್ತು."

ತಾತ ತಟ್ಟೆ ನೋಡುತ್ತ ಕೂತರು. ಬಾಯಿ ತೆರೆದರೆ ಹೇಳಬೇಕಾದ ಮಾತು ಒಂದೇ ಇತ್ತು. ಅದನ್ನು ಅವರು ಡಾಕ್ಟರಿಗೂ ಹೇಳಿರಲಿಲ್ಲ, ದೇವರ ಮುಂದೆ ಕೂತಾಗಲೂ ಹೇಳಿರಲಿಲ್ಲ. ದೇವರಿಗೆ ಗೊತ್ತಿರುವುದನ್ನು ಮತ್ತೆ ಹೇಳುವುದೇನು ಎಂದು ಮೊದಲು ಅಂದುಕೊಂಡಿದ್ದರು. ಈಚೆಗೆ ಅದನ್ನೂ ಅಂದುಕೊಳ್ಳುತ್ತಿರಲಿಲ್ಲ. ಪ್ರಾರ್ಥನೆಯ ಮಾತುಗಳು ಇಲಿಯ ನೀರಿನ ಬಾಟಲಿಯಿಂದ ಹನಿ ಇಳಿಯುವ ಹಾಗೆ ತಮ್ಮಷ್ಟಕ್ಕೆ ಇಳಿದು ಮುಗಿಯುತ್ತಿದ್ದವು.

ಮಗಳು ಫೋನು ಮಾಡಿದ್ದ ಆ ರಾತ್ರಿ ಯಾವುದೋ ಹೊತ್ತಿನಲ್ಲಿ ಅವರಿಗೆ ಎಚ್ಚರವಾಗಿತ್ತು. ಹೆಂಡತಿ ಆಚೆ ಮಗ್ಗುಲಾಗಿ ಮಲಗಿದ್ದಳು. ಕೈ ಅವಳ ಬೆನ್ನಿಗೆ ತಾಗಿತು. ಅಂಗಿ ಒದ್ದೆಯಾಗಿತ್ತು, ಹಿಂಡುವಷ್ಟು. ಮೈ ತಣ್ಣಗಿತ್ತು. ಕಂಬಳಿ ಹೊಡೆದ ಕಿಟಕಿ, ಗಾಳಿ ಇಲ್ಲ, ಸೆಕೆಗೆ ಬೆವರಿದ್ದಾಳೆ ಎಂದುಕೊಂಡರು. ದೀಪ ಹಾಕಲು ಕೈ ಚಾಚಿದ್ದರು. ಸ್ವಿಚ್ಚಿಗೆ ಅಂಟಿಸಿದ ಟೇಪು ಬೆರಳಿಗೆ ತಗುಲಿತ್ತು. ಒಂಚೂರು ಬೆಳಕು ಬಿದ್ದರೂ ಎಲ್ಲ ಕೆಡುತ್ತದೆ, ಪಾಪ, ಇಷ್ಟು ದಿನದ ಮೇಲೆ ಮಲಗಿದ್ದಾಳೆ ಎಂದು ಕೈ ಹಿಂದಕ್ಕೆ ತೆಗೆದುಕೊಂಡರು. ದಿಂಬಿನ ಮೇಲಿದ್ದ ಟವೆಲಿನಿಂದ ಅವಳ ಬೆನ್ನು ಒರೆಸಿ, ತಾವೂ ಮಗ್ಗುಲಾದರು. ಬೆಳಕಿದ್ದರೆ ಅವಳ ಮುಖ ಕಾಣುತ್ತಿತ್ತು. ಹದಿನಾಲ್ಕು ವರ್ಷ ನೋಡಿದ ಮುಖ. ಸಕ್ಕರೆ ಇಳಿದಾಗ ಅದು ಹೇಗಾಗುತ್ತದೆ ಎಂದು ಅವರಷ್ಟು ಬಲ್ಲವರು ಇರಲಿಲ್ಲ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬ ಇತ್ತು. ಹತ್ತು ಹೆಜ್ಜೆ.

"ರಾತ್ರಿ ಏನಾದ್ರೂ ಗಮನಿಸಿದ್ರಾ?" ಎಂದು ಡಾಕ್ಟರು ಬೆಳಿಗ್ಗೆ ಕೇಳಿದ್ದರು.

"ಇಲ್ಲ" ಎಂದಿದ್ದರು. ಮಗಳು ಪಕ್ಕದಲ್ಲೇ ನಿಂತಿದ್ದಳು.

"ಅಪ್ಪ, ಊಟ ಆರಿಹೋಯ್ತು" ಎಂದಳು ಈಗ ಮಗಳು.

"ಹೂಂ" ಎಂದು ಉಳಿದದ್ದನ್ನೂ ತಿಂದರು. ಅವಳು ಡಬ್ಬಿ ತೊಳೆದುಕೊಂಡು ಹೊರಟಳು. ಬಾಗಿಲಲ್ಲಿ ತಿರುಗಿ, "ಅಮ್ಮನ ಸಕ್ಕರೆ ಪುಸ್ತಕ ಎಲ್ಲಿಟ್ಟಿದೀರಿ? ಒಂದು ಸಲ ನೋಡ್ಬೇಕು ನಾನು. ಆ ವಾರದ ಲೆಕ್ಕ ಏನಿತ್ತು ಅಂತ" ಎಂದಳು.

"ಎಲ್ಲೋ ಇದೆ. ಹುಡುಕಿಡ್ತೀನಿ."

ಪುಸ್ತಕ ಎಲ್ಲೋ ಇರಲಿಲ್ಲ. ಅವರ ತಲೆದಿಂಬಿನ ಪಕ್ಕದ ಮೇಜಿನ ಸೆಳೆಖಾನೆಯಲ್ಲಿತ್ತು.

*

ಸೋಮವಾರ ಬೆಳಿಗ್ಗೆ ಗೂಡು ತೊಳೆಯುವ ಹೆಂಗಸು ಕೊಳವೆಯಿಂದ ನೀರು ಬಿಡುತ್ತ ಇವರನ್ನು ತಡೆದಳು.

"ಅಣ್ಣ, ನಿಮ್ಮ ಇಲಿಗಳೇ ವಾಸಿ, ದಿನಾ ಮೈ ತುಂಬ್ಕೊಳ್ತಾವೆ. ನೀವು ನೋಡಿದ್ರೆ ಕರಗಿ ಹೋಗ್ತಿದೀರಿ. ಅವುಗಳ ತಕ್ಕಡೀಲಿ ಒಂದ್ಸಲ ಕೂತ್ಕೊಳಿ, ತೂಕ ನಾನು ಬರ್ಕೋತೀನಿ."

"ನನ್ನನ್ನ ಹಿಡಿಯೋರು ಯಾರು?"

"ಬಾಲ ಇದ್ದಿದ್ರೆ ನಾನೇ ಹಿಡೀತಿದ್ದೆ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಏನಾದ್ರೂ ತಿಂದ್ರಾ ಅಣ್ಣ?" ಎಂದಳು. ತಾತ ತಲೆಯಾಡಿಸಿ ಮುಂದೆ ಹೋದರು.

ಡಾಕ್ಟ್ರಮ್ಮ ತೂಕದ ಕೋಣೆಯಲ್ಲಿದ್ದಳು. ಮೇಜಿನ ತುಂಬ ಕಿರುಬೆರಳಿನ ಅರ್ಧದಷ್ಟಿರುವ ಪ್ಲಾಸ್ಟಿಕ್ ನಳಿಕೆಗಳು. ಒಂದೊಂದಕ್ಕೂ ಗೂಡಿನ ಸಂಖ್ಯೆ, ತಾರೀಖು ಬರೆದ ಚೀಟಿ ಅಂಟಿಸುತ್ತಿದ್ದಳು. ತೊಂಬತ್ತಾರು ನಳಿಕೆ. ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು.

"ಬನ್ನಿ ತಾತ. ನಾಳೆ ರಕ್ತ ತೆಗೆಯೋಕೆ ಈಗ್ಲೇ ಎಲ್ಲ ಜೋಡಿಸ್ತಿದೀನಿ. ಇಲಿಗಳು ಹೇಗಿವೆ?"

"ಚೆನ್ನಾಗಿವೆ."

"ಹದಿನೇಳು? ಶನಿವಾರ ಸ್ವಲ್ಪ ಮಂಕಾಗಿತ್ತು."

"ಅದೂ ಚೆನ್ನಾಗಿದೆ."

ಅವಳು ಚೀಟಿಯ ಅಂಚನ್ನು ಉಗುರಿನಿಂದ ಒತ್ತಿದಳು. ನಾಲಿಗೆಯ ತುದಿ ಹಲ್ಲುಗಳ ನಡುವೆ ಇತ್ತು. ತಾತ ಅವಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು. ಏನೂ ಅನ್ನಿಸಲಿಲ್ಲ. ಭಯವಾದರೂ ಆಗಬೇಕಿತ್ತು, ಆಗಲಿಲ್ಲ. ಅಲ್ಲಿಂದ ಹೊರಟು ಹೊರಬಾಗಿಲು ತೆರೆದು, ಮುಚ್ಚಿ, ಎರಡು ಬಾಗಿಲುಗಳ ನಡುವಿನ ಇಕ್ಕಟ್ಟಿನಲ್ಲಿ ಮೇಜಿನ ಮುಂದೆ ಕೂತರು. ಒಳಗಿನಿಂದ ಇಲಿಗಳು ಓಡಾಡುವ ಸದ್ದು ಕೇಳುತ್ತಿತ್ತು.

ದಾಖಲೆ ಪುಸ್ತಕಕ್ಕೆ ಒಂದು ನಿಯಮವಿತ್ತು. ತಪ್ಪು ಬರೆದರೆ ಅಳಿಸುವಂತಿಲ್ಲ, ಮೇಲೆ ಬಿಳಿ ಬಣ್ಣ ಬಳಿಯುವಂತಿಲ್ಲ, ಹಾಳೆ ಹರಿಯುವಂತಿಲ್ಲ. ತಪ್ಪಿನ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಸಿಗುವ ಹಾಗೆ. ಗೆರೆಯ ಮೇಲೆ ಸರಿಯಾದದ್ದನ್ನು ಬರೆದು, ಬರೆದವರು ಸಹಿ ಹಾಕಿ, ತಿದ್ದಿದ ದಿನದ ತಾರೀಖು ಹಾಕಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ತಾತನೇ ಇದನ್ನು ಕಲಿಸಿಕೊಟ್ಟಿದ್ದರು.

ಭಾನುವಾರದ ಸಾಲಿಗೆ ಬಂದರು. 'ವಿಶೇಷವಿಲ್ಲ' ಎಂಬುದರ ಮೇಲೆ ಗೆರೆ ಎಳೆದರು. ಮೇಲೆ ಬರೆದರು: 'ಸುಮಾರು ಮೂರು ಐವತ್ತೆರಡಕ್ಕೆ ಬಿಳಿ ದೀಪ ಹಾಕಿದೆ. ಎರಡು ಅಥವಾ ಮೂರು ನಿಮಿಷ.' ಸಹಿ. ತಾರೀಖು. ಪುಸ್ತಕವನ್ನು ಎತ್ತಿಕೊಂಡು ತೂಕದ ಕೋಣೆಗೆ ಹೋಗಿ ನಳಿಕೆಗಳ ಪಕ್ಕದಲ್ಲಿ ಬಿಚ್ಚಿಟ್ಟರು.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಕೈಯಲ್ಲಿದ್ದ ಚೀಟಿ ಹೆಬ್ಬೆರಳಿಗೇ ಅಂಟಿಕೊಂಡಿತ್ತು.

"ತಮಾಷೆ ಮಾಡ್ತಿದೀರಾ ತಾತ?"

"ಇಲ್ಲ ಅಮ್ಮ."

"ಮೂರು ನಿಮಿಷಾನಾ? ನಿಜವಾಗ್ಲೂ ಮೂರೇನಾ?"

"ನೆನಪಿಲ್ಲ. ಇನ್ನೂ ಒಂದು ನಿಮಿಷ ಜಾಸ್ತಿ ಇದ್ರೂ ಇರಬಹುದು. ನಿಂತ್ಬಿಟ್ಟಿದ್ದೆ."

ಅವಳು ಕುರ್ಚಿಗೆ ಒರಗಿದಳು. ತುಟಿ ಅಲ್ಲಾಡುತ್ತಿತ್ತು, ಲೆಕ್ಕ ಹಾಕುತ್ತಿದ್ದಳು. "ಹನ್ನೊಂದು ವಾರ ತಾತ. ನಿಮ್ಮನೇಲಿ ಅಮ್ಮ ತೀರಿಹೋದ ನಾಲ್ಕು ದಿನ ಬಿಟ್ರೆ ದಿನಾ ನೀವೇ ಬಾಗಿಲು ಹಾಕಿದೀರಿ. ಇನ್ನೊಂದು ದಿನ. ಒಂದೇ ಒಂದು ದಿನ ಇತ್ತು." ಧ್ವನಿ ಏರಲಿಲ್ಲ. "ಹೊಸ ಇಲಿ ಬರೋಕೆ ಒಂದು ತಿಂಗಳು. ಆಮೇಲೆ ಮತ್ತೆ ಹನ್ನೊಂದು ವಾರ. ನಮ್ಮ ಗೈಡ್ ಮೇಡಂ ನನಗೆ ಟೈಮ್ ಕೊಟ್ಟಿರೋದು ಜೂನ್ ತನಕ."

"ಗೊತ್ತು."

ಅವಳು ಬಾಗಿಲ ಕಡೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ, "ಯಾರೂ ನೋಡಿಲ್ಲ ಅಲ್ವಾ?" ಎಂದಳು.

"ಇಲಿಗಳು ನೋಡಿವೆ."

ಅವಳಿಗೆ ನಗು ಬಂದುಬಿಟ್ಟಿತು. ಒಂದು ಸಲ ಜೋರಾಗಿ ನಕ್ಕಳು, ಆಮೇಲೆ ಅಂಗೈಯಿಂದ ಮುಖ ಮುಚ್ಚಿಕೊಂಡಳು. "ಅವೇ ನೋಡಬಾರದಿತ್ತು ತಾತ. ಬೇರೆ ಯಾರು ನೋಡಿದ್ರೂ ಪರವಾಗಿರಲಿಲ್ಲ."

ಗೋಡೆಯಾಚೆ ಗೂಡು ತೊಳೆಯುವ ನೀರಿನ ಸದ್ದು ನಿಂತು, ಮತ್ತೆ ಶುರುವಾಯಿತು.

"ಯಾಕೆ ಹಾಕಿದ್ರಿ?" ಮುಖದಿಂದ ಕೈ ತೆಗೆದು ಕೇಳಿದಳು. ಕಣ್ಣು ಕೆಂಪಗಿದ್ದವು.

"ಹದಿನೇಳು ಅಲ್ಲಾಡ್ತಿರಲಿಲ್ಲ. ಓಡಾಡೋ ಹೊತ್ತಲ್ಲಿ ಒಂದು ಕಡೆಗೆ ಬಿದ್ಕೊಂಡಿತ್ತು. ಸತ್ತಿದೆ ಅಂದ್ಕೊಂಡೆ."

"ಟಾರ್ಚ್ ಇತ್ತಲ್ಲ?"

"ಅದರಲ್ಲಿ ಉಸಿರು ಕಾಣಲಿಲ್ಲ."

"ಗೂಡು ತೆಗೆದು ಮುಟ್ಟಿ ನೋಡಬಹುದಿತ್ತಲ್ಲ ತಾತ. ಸಾವಿರ ಸಲ ಮುಟ್ಟಿಲ್ವಾ ನೀವು? ಕೈಯಲ್ಲಿ ಮುಟ್ಟಿದ್ರೆ ಗೊತ್ತಾಗ್ತಿತ್ತು."

"ಮುಟ್ಟಿದ್ರೆ ಗೊತ್ತಾಗಲ್ಲ ಅಮ್ಮ."

ಅವಳು ಅವರನ್ನೇ ನೋಡಿದಳು. ಇನ್ನೂ ಏನಾದರೂ ಹೇಳುತ್ತಾರೆ ಎಂದು ಕಾದಳು. ತಾತ ಹೇಳಲಿಲ್ಲ. ಕತ್ತಲೆಯ ಪಾಠವನ್ನು ಅವಳು ಕಲಿಸಿದ ದಿನ ಸಂಜೆ ಮನೆಯಲ್ಲಿ ಹೊಡೆದ ಕಂಬಳಿ, ಅಂಟಿಸಿದ ಟೇಪು ಇವೆಲ್ಲ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗುವುದೂ ಬೇಡವಾಗಿತ್ತು. ಇಪ್ಪತ್ತಾರು ವರ್ಷದ ಹುಡುಗಿ, ನಾಯಿಯ ಸಲುವಾಗಿ ಶುರುಮಾಡಿದ ಕೆಲಸ. ಅಷ್ಟು ಅವಳಿಗೆ ಸಾಕು.

ಅವಳು ಹೆಬ್ಬೆರಳಿನ ಚೀಟಿ ಕಿತ್ತು ಮೇಜಿನ ಅಂಚಿಗೆ ಅಂಟಿಸಿದಳು. ನಳಿಕೆಗಳನ್ನು ಹಿಡಿಹಿಡಿಯಾಗಿ ಚೀಲಕ್ಕೆ ತುಂಬತೊಡಗಿದಳು. ತಾತ ಬಗ್ಗಿ ಕೆಳಗೆ ಬಿದ್ದ ಎರಡನ್ನು ಆರಿಸಿ ಕೊಟ್ಟರು.

"ಮೇಡಂಗೆ ನಾನೇ ಹೇಳ್ತೀನಿ" ಎಂದಳು. "ಬರೆದಿದೀರಲ್ಲ. ಬರೀದೇ ಇದ್ದಿದ್ರೆ ಬಹುಶಃ ನಾನು..." ಮಾತು ಅಲ್ಲಿಗೆ ಬಿಟ್ಟಳು. ಚೀಲದ ಬಾಯಿ ಕಟ್ಟಿದಳು. ಅವರ ಮುಖ ನೋಡದೆ, "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ತಾತ. ಹೊಸ ಇಲಿ ಬಂದ ಮೇಲೆ ನೀವು ಆ ಕೋಣೆಗೆ ಹೋಗೋದು ಬೇಡ" ಎಂದಳು.

"ಸರಿ ಅಮ್ಮ."

ಕೊರಳಿನಿಂದ ಕೆಂಪು ಟಾರ್ಚ್ ತೆಗೆದು ಮೇಜಿನ ಮೇಲಿಟ್ಟರು. ಅದರ ದಾರ ಅವರ ಅಂಗಿಯ ಕಾಲರಿನ ಕೆಳಗೆ ಸಣ್ಣ ಗೆರೆ ಮೂಡಿಸಿತ್ತು. ಬಾಗಿಲವರೆಗೆ ಹೋದಾಗ ಅವಳು ಕರೆದಳು.

"ತಾತ. ಊಟ ಮಾಡಿ ಹೋಗಿ."

*

ಸಂಜೆ ಮನೆಗೆ ಬಂದು ಕೈಕಾಲು ತೊಳೆದುಕೊಂಡು ಪ್ರಾರ್ಥನೆಗೆ ಕೂತರು. ಮಾತುಗಳು ಎಂದಿನಂತೆ ಬರಲಿಲ್ಲ. ಎರಡನೆಯ ಸಾಲಿಗೇ ನಿಂತುಹೋದವು. ಮುಂದೇನೆಂದು ಮರೆತಿರಲಿಲ್ಲ, ಹೇಳಲು ಆಗಲಿಲ್ಲ, ಅಷ್ಟೆ. ಎದ್ದರು.

ಮಲಗುವ ಕೋಣೆಯ ಕಿಟಕಿಗೆ ಕಂಬಳಿ ಇನ್ನೂ ಹಾಗೆಯೇ ಇತ್ತು. ಕುರ್ಚಿ ಹತ್ತಿ ಒಂದೊಂದಾಗಿ ಮೊಳೆ ಕಿತ್ತರು. ಕಂಬಳಿ ಧೂಳು ಕೊಡವುತ್ತ ಕಾಲ ಬಳಿ ಬಿತ್ತು. ಎದುರುಮನೆಯ ಗೋಡೆಯ ಮೇಲೆ ಇನ್ನೂ ಬಿಸಿಲಿತ್ತು, ಅದರ ಬೆಳಕು ಮಂಚದ ಮೇಲೆ ಬಿತ್ತು. ಹೆಂಡತಿಯ ದಿಂಬು ಅವಳು ಬಿಟ್ಟ ಕಡೆಯೇ ಇತ್ತು.

ಸೆಳೆಖಾನೆಯಿಂದ ಸಕ್ಕರೆಯ ಪುಸ್ತಕ ತೆಗೆದರು. ಶಾಲೆಯ ಮಕ್ಕಳು ಬರೆಯುವಂಥ ಪುಸ್ತಕ, ಹಸಿರು ರಟ್ಟು. ಅಳತೆಪಟ್ಟಿ ಇಟ್ಟು ಅವರೇ ಅಂಕಣ ಎಳೆದಿದ್ದರು: ತಾರೀಖು, ಬೆಳಿಗ್ಗೆಯ ಸಕ್ಕರೆ, ಸಂಜೆಯ ಸಕ್ಕರೆ, ಇನ್ಸುಲಿನ್, ರಾತ್ರಿ, ವಿಶೇಷ. ಪ್ರಾಣಿಮನೆಯ ಪುಸ್ತಕದ ಹಾಗೆಯೇ. ಒಂದೆರಡು ಕಡೆ ಹೆಂಡತಿಯ ಅಕ್ಷರ ಇತ್ತು. ಒಂದು ದಿನದ 'ವಿಶೇಷ'ದಲ್ಲಿ ಅವಳು 'ಇವತ್ತು ನನಗೆ ಬೈದರು' ಎಂದು ಬರೆದಿದ್ದಳು. ಇನ್ನೊಂದು ದಿನ, 'ಇಲಿಗೆ ಒಳ್ಳೆ ನಿದ್ದೆ.'

ಕೊನೆಯ ಸಾಲು ಇವರದು. ಅವಳನ್ನು ಕೊಂಡೊಯ್ದು ಎಲ್ಲ ಮುಗಿಸಿ ಬಂದ ದಿನ, ಮನೆ ತುಂಬ ಜನ ಇರುವಾಗಲೇ, ಈ ಕೋಣೆಗೆ ಬಂದು ಕೂತು ಆ ಸಾಲು ತುಂಬಿಸಿದ್ದರು. ಖಾಲಿ ಬಿಡಬಾರದು ಎಂಬುದೊಂದೇ ಆಗ ತಲೆಯಲ್ಲಿತ್ತು. ಸಂಜೆ ನೂರಾ ನಲವತ್ತೆಂಟು. ಇನ್ಸುಲಿನ್ ಹದಿನೆಂಟು. ರಾತ್ರಿ, ಚೆನ್ನಾಗಿ ನಿದ್ದೆ. ವಿಶೇಷವಿಲ್ಲ.

ಪುಸ್ತಕವನ್ನು ಊಟದ ಮೇಜಿಗೆ ತಂದರು. ಕನ್ನಡಕ ಹಾಕಿಕೊಂಡರು. 'ಚೆನ್ನಾಗಿ ನಿದ್ದೆ' ಎಂಬುದರ ಮೇಲೆ ಒಂದು ಗೆರೆ, 'ವಿಶೇಷವಿಲ್ಲ' ಎಂಬುದರ ಮೇಲೆ ಒಂದು ಗೆರೆ. ಗೆರೆಗಳ ಮೇಲೆ ಬರೆದರು: 'ರಾತ್ರಿ ನನಗೆ ಎಚ್ಚರವಾಗಿತ್ತು. ಬೆನ್ನು ಪೂರ್ತಿ ಒದ್ದೆಯಾಗಿತ್ತು, ಮೈ ತಣ್ಣಗಿತ್ತು. ದೀಪ ಹಾಕಲಿಲ್ಲ.' ಜಾಗ ಸಾಲದೆ ಕೊನೆಯ ಮಾತು ಅಂಚಿಗೆ ಇಳಿಯಿತು. ಸಹಿ ಹಾಕಿದರು. ಇವತ್ತಿನ ತಾರೀಖು ಹಾಕಿದರು.

ಹೊರಗೆ ಮೆಟ್ಟಿಲ ಮೇಲೆ ಮಗಳ ಹೆಜ್ಜೆಯ ಸದ್ದು ಕೇಳಿಸಿತು. ಡಬ್ಬಿಯ ಮುಚ್ಚಳ ಎಂದಿನಂತೆ ಟಿಣಿಟಿಣಿ ಎನ್ನುತ್ತಿತ್ತು. ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ತಾತ ಎದ್ದು ಊಟದ ಮನೆಯ ದೀಪ ಹಾಕಿದರು. ಪುಸ್ತಕವನ್ನು ಅವಳು ಕೂರುವ ಕುರ್ಚಿಯ ಕಡೆಗೆ ತಿರುಗಿಸಿಟ್ಟು, ಹಾಳೆ ಮಗುಚದಂತೆ ಉಪ್ಪಿನ ಡಬ್ಬವನ್ನು ಅದರ ಅಂಚಿನ ಮೇಲೆ ಇಟ್ಟರು. ಆಮೇಲೆ ಬಾಗಿಲು ತೆಗೆಯಲು ಹೋದರು.